ಹಳೆಯ ಯೆಜ್ಡಿಯಲ್ಲಿ ಬ್ಯಾಟರಿ ನಿಲ್ಲುತ್ತಿಲ್ಲ: ಹೆಡ್‌ಲೈಟ್ ಹಾಕಿದರೆ ಕೆಂಪು ದೀಪ ಮಂದವಾಗಿ ಉರಿಯುತ್ತದೆ

ಹಾಸನದ ಸವಾರ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಇರುವುದು 1976ರ ಯೆಜ್ಡಿ 250, ಇಂಜಿನ್ ತಿರುಗಿದಾಗ ಕರೆಂಟು ಹುಟ್ಟಿಸುವ ಮೂಲ 6 ವೋಲ್ಟ್ ಡೈನಮೋ ಇರುವ ಗಾಡಿ. ಇಂಜಿನ್‌ನಲ್ಲಿ ಯಾವ ದೋಷವೂ ಇಲ್ಲ. ತೊಂದರೆ ಇರುವುದು ಚಾರ್ಜಿಂಗ್‌ನಲ್ಲಿ ಮಾತ್ರ. ಕೀ ಹಾಕಿದ ಕೂಡಲೇ ಹೆಡ್‌ಲೈಟ್ ಮೇಲಿನ ಕೆಂಪು ಚಾರ್ಜಿಂಗ್ ದೀಪ ಚೆನ್ನಾಗಿ ಉರಿಯುತ್ತದೆ. ಇಂಜಿನ್ ಶುರುವಾಗಿ ಆಕ್ಸಿಲರೇಟರ್ ಸ್ವಲ್ಪ ತಿರುಗಿಸಿದರೆ, ಹಗಲಿನಲ್ಲಿ ಆ ದೀಪ ಆರುತ್ತದೆ. ಆದರೆ ಹೆಡ್‌ಲೈಟ್ ಹಾಕಿದ ತಕ್ಷಣ, ಗಾಡಿ ಐವತ್ತರ ವೇಗದಲ್ಲಿ ಓಡುತ್ತಿದ್ದರೂ, ಕೆಂಪು ದೀಪ ಬೂದಿ ಮುಚ್ಚಿದ ಕೆಂಡದ ಹಾಗೆ ಮಂದವಾಗಿ ಮತ್ತೆ ಕಾಣಿಸಿಕೊಳ್ಳುತ್ತದೆ. ಹೊಳೆನರಸೀಪುರದಿಂದ ಹಾಸನಕ್ಕೆ ಸಂಜೆ ಹೊರಟರೆ ಊರು ಮುಟ್ಟುವ ಹೊತ್ತಿಗೆ ಹೆಡ್‌ಲೈಟ್ ಹಳದಿಗೆ ತಿರುಗಿರುತ್ತದೆ, ಹಾರನ್ ಕೂಗುವುದಿಲ್ಲ, ಮರುದಿನ ಬೆಳಿಗ್ಗೆ ಪ್ಲಗ್‌ನಲ್ಲಿ ಕಿಡಿಯೂ ಸರಿಯಾಗಿ ಬರುವುದಿಲ್ಲ.

ಬ್ಯಾಟರಿ ಹೊಸದು. ನಮ್ಮ ಊರಿನ ಮೆಕ್ಯಾನಿಕ್ ಒಬ್ಬರು ಡೈನಮೋ ಸತ್ತಿದೆ, ಅದನ್ನು ಕಿತ್ತು ಹಾಕಿ 12 ವೋಲ್ಟ್ ಕಿಟ್ ಕೂರಿಸೋಣ ಎನ್ನುತ್ತಿದ್ದಾರೆ. ಮೂಲ ಸಾಮಾನನ್ನು ಬಿಚ್ಚಿ ಎಸೆಯಲು ನನಗೆ ಮನಸ್ಸಿಲ್ಲ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಯೆಜ್ಡಿ ದಿನಕ್ಕೆ ಮೈಸೂರಿಗೆ ಹೋಗಬೇಕೆಂದಿದ್ದೇನೆ. ಎಲ್ಲಿಂದ ಪರೀಕ್ಷೆ ಶುರು ಮಾಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ಹುಬ್ಬಳ್ಳಿ ಬುಲೆಟ್

ಮೊದಲು ಬ್ಯಾಟರಿಯನ್ನೇ ನೋಡಿರಿ ಸರ್. ಹೊಸದು ಎಂದ ಮಾತ್ರಕ್ಕೆ ಅದು ತುಂಬಿದೆ ಎಂದು ಅರ್ಥವಲ್ಲ. ಅಂಗಡಿಯಲ್ಲಿ ಒಣಗಿದ ಬ್ಯಾಟರಿಗೆ ಆಸಿಡ್ ಸುರಿದು ಅರ್ಧ ಗಂಟೆಯಲ್ಲಿ ಕೈಗೆ ಕೊಟ್ಟುಬಿಡುತ್ತಾರೆ. ಅದಕ್ಕೆ ನಿಧಾನವಾದ ಮೊದಲ ಚಾರ್ಜ್ ಕೊಡದೆ ಗಾಡಿಗೆ ಹಾಕಿದರೆ ಅದು ಮುಂದೆಂದೂ ಪೂರ್ತಿ ಶಕ್ತಿಗೆ ಬರುವುದಿಲ್ಲ. 12 ಆಂಪಿಯರ್ ಅವರ್ ಬ್ಯಾಟರಿಯಾದರೆ ಒಂದು ಆಂಪಿಯರ್ ಸುಮಾರಿನಲ್ಲಿ ಹತ್ತು ಹನ್ನೆರಡು ಗಂಟೆ ಹೊರಗಡೆ ಚಾರ್ಜ್ ಮಾಡಿಸಿರಿ, ಒಂದು ರಾತ್ರಿ ಹಾಗೇ ಬಿಡಿ, ಆಮೇಲೆ ಮೀಟರ್ ಇಟ್ಟು ನೋಡಿರಿ. ಮೂರು ಸೆಲ್ ಸೇರಿ 6.3ಕ್ಕಿಂತ ಮೇಲಿರಬೇಕು. 6ಕ್ಕಿಂತ ಕೆಳಗೆ ಇಳಿದಿದ್ದರೆ ಆ ಬ್ಯಾಟರಿಯನ್ನು ನಂಬಿ ಬೇರೆ ಯಾವ ಪರೀಕ್ಷೆಯನ್ನೂ ಮಾಡಬೇಡಿರಿ.

ಜೆ.ಸಿ. ರಸ್ತೆ

ನಿಮ್ಮ ಮೆಕ್ಯಾನಿಕ್ ಹೇಳುವುದರಲ್ಲಿ ತಪ್ಪೇನೂ ಇಲ್ಲ. 6 ವೋಲ್ಟ್ ಬ್ಯಾಟರಿ, 6 ವೋಲ್ಟ್ ಬಲ್ಬು, 6 ವೋಲ್ಟ್ ಹಾರನ್ ಎಂದು ಅಂಗಡಿ ಅಂಗಡಿ ಅಲೆಯುವ ಬದಲು 12 ವೋಲ್ಟ್‌ಗೆ ಬದಲಾಯಿಸಿಕೊಂಡರೆ ಎಲ್ಲ ಸಾಮಾನೂ ಯಾವ ಊರಿನಲ್ಲಾದರೂ ಸಿಗುತ್ತದೆ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಆ ಕಾಲದ ಅಸಲಿ ಬಿಡಿಭಾಗಗಳು ಈಗ ಸಿಗುವುದೇ ಅಪರೂಪ, ಸಿಕ್ಕಿದರೂ ಹೇಳಿದ್ದೇ ಬೆಲೆ. ರಾತ್ರಿ ಹೊತ್ತು ಹೆದ್ದಾರಿಯಲ್ಲಿ ಓಡಿಸುವವರಿಗೆ ಬೆಳಕು ಮುಖ್ಯ, ಅಸಲಿತನ ಆಮೇಲೆ.

ಚಾಮುಂಡಿಪುರಂ ಫಿಟ್ಟರ್

ಇಬ್ಬರೂ ಸ್ವಲ್ಪ ತಡೆಯಿರಿ. ಹಾಸನದವರು ತಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಕೊಟ್ಟಿದ್ದಾರೆ, ಅದನ್ನು ಯಾರೂ ಗಮನಿಸಿಲ್ಲ. ಕೆಂಪು ದೀಪ ಹಗಲಿನಲ್ಲಿ ಆರುತ್ತದೆ ಎಂದಿದ್ದಾರಲ್ಲವೇ? ಹಾಗಿದ್ದರೆ ಡೈನಮೋ ಸತ್ತಿಲ್ಲ.

ಆ ದೀಪ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದುಕೊಂಡರೆ ಸಾಕು, ಮೀಟರ್ ಹಿಡಿಯುವ ಮೊದಲೇ ದೋಷ ಯಾವ ಕಡೆ ಇದೆ ಎಂದು ಗೊತ್ತಾಗುತ್ತದೆ. ಅದರ ಒಂದು ತುದಿ ಕೀ ಸ್ವಿಚ್ಚಿನ ಮೂಲಕ ಬ್ಯಾಟರಿಗೂ, ಇನ್ನೊಂದು ತುದಿ ಡೈನಮೋದ ಬ್ರಷ್‌ಗೂ (ತಿರುಗುವ ಭಾಗಕ್ಕೆ ಒತ್ತಿ ನಿಂತು ಕರೆಂಟು ದಾಟಿಸುವ ಕಾರ್ಬನ್ ತುಂಡು) ಸೇರಿರುತ್ತದೆ. ಇಂಜಿನ್ ನಿಂತಿರುವಾಗ ಬ್ಯಾಟರಿಯ ಕರೆಂಟು ದೀಪದ ಮೂಲಕ ಹಾದು, ಆರ್ಮೇಚರ್ (ಡೈನಮೋದ ತಿರುಗುವ ಸುರುಳಿ) ಮೂಲಕ ಗಾಡಿಯ ಮೈಗೆ ಇಳಿಯುತ್ತದೆ. ಆದ್ದರಿಂದ ದೀಪ ಉರಿಯುತ್ತದೆ. ಡೈನಮೋ ತಿರುಗಿ ವೋಲ್ಟೇಜ್ ಹುಟ್ಟಿ, ಎರಡೂ ತುದಿಯಲ್ಲಿ ಒಂದೇ ವೋಲ್ಟೇಜ್ ಆದಾಗ ದೀಪಕ್ಕೆ ಹರಿಯಲು ಏನೂ ಉಳಿಯುವುದಿಲ್ಲ, ಆರುತ್ತದೆ. ಹಾಗಾಗಿ ಎಷ್ಟು ವೇಗ ಕೊಟ್ಟರೂ ದೀಪ ಪೂರ್ತಿ ಉರಿಯುತ್ತಲೇ ಇದ್ದರೆ ಡೈನಮೋದಿಂದ ಏನೂ ಬರುತ್ತಿಲ್ಲ ಎಂದು ತಿಳಿಯಬೇಕು. ವೇಗದಲ್ಲಿ ಮಂದವಾಗಿ ಉರಿಯುತ್ತಿದ್ದರೆ, ಅದರಲ್ಲೂ ಲೈಟ್ ಹಾಕಿದಾಗ ಮಾತ್ರ ಉರಿದರೆ, ಡೈನಮೋದಲ್ಲಿ ಹುಟ್ಟಿದ ವೋಲ್ಟೇಜ್ ಬ್ಯಾಟರಿ ಮುಟ್ಟುವ ಮೊದಲು ದಾರಿಯಲ್ಲೆಲ್ಲೋ ಕರಗುತ್ತಿದೆ. ಆ ದಾರಿಯಲ್ಲಿ ಇರುವುದು ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಪೆಟ್ಟಿಗೆಯೊಳಗಿನ ಕಟ್‌ಔಟ್ ಪಾಯಿಂಟು (ಡೈನಮೋವನ್ನು ಬ್ಯಾಟರಿಗೆ ಸೇರಿಸುವ, ಬೇರ್ಪಡಿಸುವ ಸ್ವಿಚ್ಚು), ವೈರ್ ತುದಿಗಳು, ಮತ್ತು ಕೀ ಸ್ವಿಚ್ಚಿನ ಒಳಗಿನ ಹಿತ್ತಾಳೆ ಪತ್ತಿಗಳು. ಕಿಟ್ ಕೊಳ್ಳುವ ಮಾತು ಆಮೇಲೆ ಇರಲಿ.

ಹುಬ್ಬಳ್ಳಿ ಬುಲೆಟ್

ಒಪ್ಪಿದೆ, ಆದರೂ ಬ್ಯಾಟರಿ ಪರೀಕ್ಷೆ ಬಿಡಬಾರದು.

ಚಾಮುಂಡಿಪುರಂ ಫಿಟ್ಟರ್

ಬಿಡಬೇಡಿ ಎಂದೇ ನಾನೂ ಹೇಳುವುದು. ತುಂಬಿದ ಬ್ಯಾಟರಿ ಇಟ್ಟುಕೊಂಡೇ ಮುಂದಿನ ಅಳತೆ ತೆಗೆಯಬೇಕು.

ಪಾಲಿಟೆಕ್ನಿಕ್ ಮೇಷ್ಟ್ರು

ಇದಕ್ಕೆ ಒಂದು ಸಣ್ಣ ಲೆಕ್ಕವನ್ನು ಸೇರಿಸುತ್ತೇನೆ, ಏಕೆಂದರೆ ಈ ಗಾಡಿಗಳ ಬಗ್ಗೆ ಅನೇಕರಿಗೆ ಇರುವ ನಿರೀಕ್ಷೆಯೇ ತಪ್ಪು. ಆ ಡೈನಮೋದ ಸಾಮರ್ಥ್ಯ 45 ವ್ಯಾಟ್, ಅಂದರೆ 7 ವೋಲ್ಟ್ ಲೆಕ್ಕದಲ್ಲಿ ಆರೂವರೆ ಆಂಪಿಯರ್ ಸುಮಾರು. ಹೆಡ್‌ಲೈಟಿನ 35 ವ್ಯಾಟ್ ಬಲ್ಬು ಒಂದೇ ಸುಮಾರು 6 ಆಂಪಿಯರ್ ಎಳೆಯುತ್ತದೆ. ಹಿಂದಿನ ದೀಪ, ಸ್ಪೀಡೋಮೀಟರ್ ದೀಪ, ಇಗ್ನಿಷನ್ ಕಾಯಿಲ್ ಎಲ್ಲವನ್ನೂ ಕೂಡಿಸಿದರೆ, ರಾತ್ರಿ ಹೊತ್ತು ಡೈನಮೋ ಪೂರ್ತಿ ದುಡಿದರೂ ಬ್ಯಾಟರಿಗೆ ಉಳಿಯುವುದು ಏನೂ ಇಲ್ಲ ಎನ್ನುವಷ್ಟು ಕಡಿಮೆ. ಐಡ್ಲಿಂಗ್‌ನಲ್ಲಂತೂ ಖರ್ಚೇ ಹೆಚ್ಚು. ಸಿಗ್ನಲ್ಲಿನಲ್ಲಿ ನಿಂತಾಗ ಹೆಡ್‌ಲೈಟ್ ಮಂಕಾಗಿ ಕೆಂಪು ದೀಪ ಉರಿದರೆ ಅದು ದೋಷವಲ್ಲ. ಇಷ್ಟು ಬಿಗಿಯಾದ ಲೆಕ್ಕದಲ್ಲಿ ನಡೆಯುವ ವ್ಯವಸ್ಥೆಯಲ್ಲಿ ಅರ್ಧ ವೋಲ್ಟ್ ದಾರಿಯಲ್ಲಿ ಸೋರಿದರೂ ಅದು ದೊಡ್ಡ ನಷ್ಟ. 12 ವೋಲ್ಟ್‌ನಲ್ಲಿ ಅರ್ಧ ವೋಲ್ಟ್ ಎಂದರೆ ನೂರಕ್ಕೆ ನಾಲ್ಕು, 6 ವೋಲ್ಟ್‌ನಲ್ಲಿ ನೂರಕ್ಕೆ ಎಂಟು. ತಂತಿ ಕಾಯಿಸಿ ಉರಿಯುವ ಬಲ್ಬಿಗೆ ವೋಲ್ಟೇಜ್ ನೂರಕ್ಕೆ ಹತ್ತರಷ್ಟು ಇಳಿದರೆ ಬೆಳಕು ಸುಮಾರು ಮೂವತ್ತರಷ್ಟು ಇಳಿಯುತ್ತದೆ. ಹೆಡ್‌ಲೈಟ್ ಹಳದಿಯಾಗುವುದಕ್ಕೆ ಇದೇ ಕಾರಣ.

ಮಲೆನಾಡ ಗಾಡಿ

ಅರ್ಥಿಂಗ್, ಅಂದರೆ ಗಾಡಿಯ ಮೈ ಮೂಲಕ ಕರೆಂಟು ಬ್ಯಾಟರಿಗೆ ಮರಳುವ ದಾರಿ, ಅದನ್ನು ಮರೆಯಬೇಡಿ. ನಮ್ಮ ಕಡೆ ಮಳೆಗಾಲದಲ್ಲಿ ಶೇಕಡಾ ತೊಂಬತ್ತು ಚಾರ್ಜಿಂಗ್ ತೊಂದರೆಗಳು ಬ್ಯಾಟರಿಯಿಂದ ಚಾಸಿಗೆ ಹೋಗುವ ವೈರಿನ ತುದಿಯಲ್ಲೇ ಇರುತ್ತವೆ. ಚಾಸಿಗೆ ಹೊಸದಾಗಿ ಪೌಡರ್ ಕೋಟಿಂಗ್ ಮಾಡಿಸಿದ ಗಾಡಿಯಾದರೆ ಇನ್ನೂ ಕಷ್ಟ: ಬೋಲ್ಟು ಬಿಗಿಯಾಗಿಯೇ ಇರುತ್ತದೆ, ಅದರ ಕೆಳಗೆ ಬಣ್ಣದ ದಪ್ಪ ಪದರ ಕೂತಿರುತ್ತದೆ. ಆ ಜಾಗವನ್ನು ಕೆರೆದು ಹೊಳೆಯುವ ಕಬ್ಬಿಣ ಕಾಣುವಂತೆ ಮಾಡಿ, ವೈರ್ ಬಿಗಿದು, ಮೇಲೆ ವ್ಯಾಸಲೀನ್ ಸವರಬೇಕು. ಇಂಜಿನ್‌ಗೂ ಚಾಸಿಗೂ ಬೇರೆಯಾಗಿ ಒಂದು ದಪ್ಪ ವೈರ್ ಹಾಕುವುದು ಉತ್ತಮ.

ಪಾಲಿಟೆಕ್ನಿಕ್ ಮೇಷ್ಟ್ರು

ಸಲಹೆ ಒಳ್ಳೆಯದು, ಆದರೆ ಶೇಕಡಾ ತೊಂಬತ್ತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅರ್ಥಿಂಗ್ ಕೆಟ್ಟಿದ್ದರೆ ಹಾರನ್ ಒತ್ತಿದಾಗ ಹಗಲಿನಲ್ಲೂ ಅದರ ಧ್ವನಿ ಸೊರಗಬೇಕಿತ್ತು. ಇವರಿಗೆ ಹಗಲಿನಲ್ಲಿ ಯಾವ ತೊಂದರೆಯೂ ಇಲ್ಲ.

ಮಲೆನಾಡ ಗಾಡಿ

ಹಗಲಿನಲ್ಲಿ ಹಾರನ್ ಹೇಗಿದೆ ಎಂದು ಅವರು ಹೇಳಿಯೇ ಇಲ್ಲವಲ್ಲ ಮೇಷ್ಟ್ರೇ. ಕೇಳಿ ನೋಡೋಣ. ಅರ್ಥಿಂಗ್ ಪರೀಕ್ಷಿಸಲು ಐದು ನಿಮಿಷ ಸಾಕು, ದುಡ್ಡು ಖರ್ಚಿಲ್ಲ. ಲೈಟ್ ಹಾಕಿ, ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಅರ್ಥ್ ತುದಿಗೂ ಇನ್ನೊಂದನ್ನು ಇಂಜಿನ್ ಮೈಗೂ ಮುಟ್ಟಿಸಿದರೆ, ಬರುವ ಸಂಖ್ಯೆ 0.1 ವೋಲ್ಟ್ ದಾಟಬಾರದು.

ಹಾಸನದ ಸವಾರ

ಹಗಲಿನಲ್ಲಿ ಹಾರನ್ ಚೆನ್ನಾಗಿಯೇ ಕೂಗುತ್ತದೆ. ಮಲೆನಾಡಿನವರು ಹೇಳಿದ ಹಾಗೆ ಅರ್ಥ್ ನೋಡಿದೆ, 0.05 ಬಂತು. ಬ್ಯಾಟರಿಯನ್ನು ಹೊರಗೆ ನಿಧಾನವಾಗಿ ಚಾರ್ಜ್ ಮಾಡಿಸಿ ರಾತ್ರಿಯಿಡೀ ಬಿಟ್ಟಿದ್ದೆ, ಬೆಳಿಗ್ಗೆ 6.38 ತೋರಿಸಿತು. ಮುಂದೆ ಎಲ್ಲಿ ಅಳೆಯಬೇಕು?

ಚಾಮುಂಡಿಪುರಂ ಫಿಟ್ಟರ್

ಈಗ ನಾವು ದೋಷದ ಹತ್ತಿರ ಬಂದಿದ್ದೇವೆ. ಇಂಜಿನ್ ಶುರು ಮಾಡಿ ಮಧ್ಯಮ ವೇಗದಲ್ಲಿ ಇಡಲು ಒಬ್ಬರನ್ನು ಹ್ಯಾಂಡಲ್ ಹತ್ತಿರ ನಿಲ್ಲಿಸಿಕೊಳ್ಳಿ. ರೆಗ್ಯುಲೇಟರ್ ಮುಚ್ಚಳ ತೆಗೆದು, ಡೈನಮೋದಿಂದ ಬರುವ ಮುಖ್ಯ ವೈರ್ ಸೇರುವ ತುದಿಯಲ್ಲಿ ಒಮ್ಮೆ, ಬ್ಯಾಟರಿಗೆ ಹೋಗುವ ತುದಿಯಲ್ಲಿ ಒಮ್ಮೆ ವೋಲ್ಟೇಜ್ ಅಳೆಯಿರಿ. ಎರಡನ್ನೂ ಲೈಟ್ ಆರಿಸಿ ಒಂದು ಸಲ, ಲೈಟ್ ಹಾಕಿ ಒಂದು ಸಲ ನೋಡಿ ಬರೆದುಕೊಳ್ಳಿ. ಮೀಟರಿನ ಮೊನೆ ಜಾರಿ ಎರಡು ತುದಿಗಳಿಗೆ ಒಟ್ಟಿಗೆ ಮುಟ್ಟದಂತೆ ಎಚ್ಚರವಿರಲಿ. ಇನ್ನೊಂದು ಮಾತು: ಇಂಜಿನ್ ನಿಂತಿರುವಾಗ ಕಟ್‌ಔಟ್ ಪಾಯಿಂಟನ್ನು ಬೆರಳಿನಿಂದ ಒತ್ತಿ ಮುಚ್ಚಿ ನೋಡುವ ಅಭ್ಯಾಸ ಕೆಲವರಿಗೆ ಇದೆ; ಬ್ಯಾಟರಿ ವೈರ್ ಕಳಚದೆ ಹಾಗೆ ಎಂದಿಗೂ ಮಾಡಬೇಡಿ.

ಕರಾವಳಿ ಜಾವಾ

ಫಿಟ್ಟರ್ ಅಣ್ಣ ಕೊನೆಗೆ ಹೇಳಿದ ಮಾತನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ನಮ್ಮ ಉಡುಪಿಯ ಗೆಳೆಯರೊಬ್ಬರ 1968ರ ಜಾವಾದಲ್ಲಿ ಕಟ್‌ಔಟ್ ಪಾಯಿಂಟು ಅಂಟಿಕೊಂಡು ಬಿಟ್ಟಿತ್ತು. ಅವರು ಗಾಡಿ ನಿಲ್ಲಿಸಿ, ಕೀ ತೆಗೆದುಕೊಂಡು ದೇವಸ್ಥಾನದ ಒಳಗೆ ಹೋದರು. ಹೊರಗೆ ಬಂದಾಗ ಸೀಟಿನ ಕೆಳಗಿನಿಂದ ಹೊಗೆ ಬರುತ್ತಿತ್ತು. ಇಂಜಿನ್ ನಿಂತ ಮೇಲೆ ಬ್ಯಾಟರಿಯನ್ನು ಡೈನಮೋದಿಂದ ಬೇರ್ಪಡಿಸುವುದೇ ಕಟ್‌ಔಟಿನ ಕೆಲಸ. ಅದು ಅಂಟಿಕೊಂಡರೆ ಕೀ ತೆಗೆದರೂ ಪ್ರಯೋಜನವಿಲ್ಲ, ಬ್ಯಾಟರಿಯ ಕರೆಂಟೆಲ್ಲ ಹಿಂದಕ್ಕೆ ಆರ್ಮೇಚರಿಗೆ ನುಗ್ಗುತ್ತದೆ. ಆರ್ಮೇಚರ್ ಕ್ರ್ಯಾಂಕ್ ತುದಿಗೇ ಬಿಗಿದಿರುವುದರಿಂದ ತಿರುಗಲಾರದು, ವೈರ್ ಕಾಯುತ್ತದೆ. ಅವರ ಗಾಡಿಯಲ್ಲಿ ಯಾರೋ ಫ್ಯೂಸಿನ ಜಾಗಕ್ಕೆ ತಾಮ್ರದ ತಂತಿ ಸುತ್ತಿದ್ದರಿಂದ ಅದು ಹಾರಿ ಹೋಗಲೂ ಇಲ್ಲ. ದಯವಿಟ್ಟು ಎಲ್ಲರೂ ಇವತ್ತೇ ನಿಮ್ಮ ಗಾಡಿಯ ಫ್ಯೂಸ್ ತೆಗೆದು ಒಮ್ಮೆ ಕಣ್ಣಾರೆ ನೋಡಿ, ಅಲ್ಲಿ ಇರಬೇಕಾದದ್ದೇ ಇದೆಯೇ ಎಂದು.

ಜೆ.ಸಿ. ರಸ್ತೆ

ಇದನ್ನೇ ನಾನು ಹೇಳುತ್ತಿರುವುದು. ಐವತ್ತು ವರ್ಷದ ಸ್ಪ್ರಿಂಗು, ಪಾಯಿಂಟುಗಳನ್ನು ನಂಬಿಕೊಂಡು ಹೆದ್ದಾರಿಗೆ ಇಳಿಯುವುದು ಏತಕ್ಕೆ?

ಚಾಮುಂಡಿಪುರಂ ಫಿಟ್ಟರ್

ಅಂಟಿಕೊಳ್ಳುವ ಪಾಯಿಂಟಿಗೆ ಉತ್ತರ ಒಳ್ಳೆಯ ಫ್ಯೂಸ್ ಮತ್ತು ವರ್ಷಕ್ಕೊಮ್ಮೆ ಮುಚ್ಚಳ ತೆಗೆದು ನೋಡುವುದು. ಅದನ್ನು ಮಾಡದವರು 12 ವೋಲ್ಟ್ ಕಿಟ್ ಹಾಕಿಸಿದರೂ ಅದೇ ಕೊಳೆತ ವೈರಿಂಗಿಗೇ ಜೋಡಿಸುತ್ತಾರೆ, ಮತ್ತೆ ಅದೇ ತೊಂದರೆ. ಕಿಟ್ ಬೇಡ ಎಂಬ ಹಟ ನನಗಿಲ್ಲ. ಅಳತೆ ತೆಗೆಯದೆ ಯಾವುದನ್ನೂ ಬದಲಾಯಿಸಬಾರದು ಎಂಬುದಷ್ಟೇ ನನ್ನ ಮಾತು.

ಹಾಸನದ ಸವಾರ

ಅಳತೆಗಳು ಹೀಗಿವೆ. ಲೈಟ್ ಆರಿಸಿದಾಗ ಡೈನಮೋ ತುದಿಯಲ್ಲಿ 7.2, ಬ್ಯಾಟರಿಗೆ ಹೋಗುವ ತುದಿಯಲ್ಲಿ 6.8. ಲೈಟ್ ಹಾಕಿದಾಗ ಡೈನಮೋ ತುದಿಯಲ್ಲಿ 7.3ರ ಸುತ್ತಮುತ್ತ ಸ್ವಲ್ಪ ಅಲುಗಾಡುತ್ತದೆ, ಬ್ಯಾಟರಿ ತುದಿಯಲ್ಲಿ 6.2ಕ್ಕೆ ಕುಸಿಯುತ್ತದೆ. ಎರಡೂ ತುದಿಗಳ ನಡುವೆ ಒಂದು ಬೆರಳಿನಷ್ಟು ಅಂತರವೂ ಇಲ್ಲ, ಅಷ್ಟರಲ್ಲಿ 1.1 ವೋಲ್ಟ್ ಎಲ್ಲಿ ಹೋಯಿತು ಎಂಬುದೇ ಆಶ್ಚರ್ಯ.

ಪಾಲಿಟೆಕ್ನಿಕ್ ಮೇಷ್ಟ್ರು

ಅದು ಕಟ್‌ಔಟ್ ಪಾಯಿಂಟಿನಲ್ಲಿ ಶಾಖವಾಗಿ ಹೋಗುತ್ತಿದೆ. ಎರಡು ಅಳತೆಗಳನ್ನು ಹೋಲಿಸಿ ನೋಡಿ: ಕರೆಂಟು ಕಡಿಮೆ ಇದ್ದಾಗ 0.4 ನಷ್ಟ, ಕರೆಂಟು ಏರಿದಾಗ 1.1 ನಷ್ಟ. ಹರಿಯುವ ಕರೆಂಟಿನ ಜೊತೆಗೇ ನಷ್ಟವೂ ಏರಿದರೆ ಅಲ್ಲಿ ಒಂದು ತಡೆ ಇದೆ ಎಂದೇ ಅರ್ಥ. ನಿಮ್ಮ ಕೆಂಪು ದೀಪ ಹಗಲಿನಲ್ಲಿ ಆರಿ ರಾತ್ರಿ ಉರಿಯುವುದಕ್ಕೂ ಕಾರಣ ಇದೇ. ಹಗಲಿನ 0.4 ವೋಲ್ಟ್ ಅದರ ತಂತಿಯನ್ನು ಕೆಂಪಾಗಿಸಲು ಸಾಲದು, ರಾತ್ರಿಯ 1.1 ಸಾಕಾಗುತ್ತದೆ. ಡೈನಮೋ ಕಡೆ 7ಕ್ಕಿಂತ ಹೆಚ್ಚು ಸಿಗುತ್ತಿರುವಾಗ ಅದನ್ನು ಸತ್ತಿದೆ ಎನ್ನುವುದು ಅನ್ಯಾಯ.

ದಾವಣಗೆರೆ ವೈಂಡಿಂಗ್

ನಾನು ಆರ್ಮೇಚರ್ ಸುತ್ತುವ ಕೆಲಸ ಮಾಡುವವನು. ಹೇಗೂ ಬಲಬದಿಯ ಕವರ್ ತೆಗೆಯುವುದಿದ್ದರೆ ಒಳಗನ್ನೂ ನೋಡಿಬಿಡಿ. 7.3 ಅಲುಗಾಡುತ್ತಿದೆ ಎಂದಿದ್ದೀರಿ, ಅದು ರೆಗ್ಯುಲೇಟರ್ ಪಾಯಿಂಟು ಕಂಪಿಸುವುದರಿಂದಲೂ ಇರಬಹುದು, ಕಾರ್ಬನ್ ಬ್ರಷ್ ಸರಿಯಾಗಿ ಕೂರದೆಯೂ ಇರಬಹುದು. ಬ್ರಷ್‌ಗಳನ್ನು ಅವುಗಳ ಗೂಡಿನಲ್ಲಿ ಬೆರಳಿನಿಂದ ಮೇಲೆ ಕೆಳಗೆ ಆಡಿಸಿ ನೋಡಿ, ಸಲೀಸಾಗಿ ಜಾರಬೇಕು. ಕಾರ್ಬನ್ ಪುಡಿಯೂ ಎಣ್ಣೆಯೂ ಸೇರಿ ಅಂಟಾಗಿ ಸಿಕ್ಕಿಕೊಂಡಿರುವುದು ಬಹಳ ಸಾಮಾನ್ಯ. ಕಮ್ಯುಟೇಟರ್ (ಬ್ರಷ್ ಒತ್ತಿ ನಿಲ್ಲುವ ತಾಮ್ರದ ಪಟ್ಟಿಗಳ ಉಂಗುರ) ಮೇಲೆ ಕಂದು ಬಣ್ಣದ ನಯವಾದ ಹೊಳಪು ಇದ್ದರೆ ಅದನ್ನು ಮುಟ್ಟಬೇಡಿ, ಆರೋಗ್ಯದ ಲಕ್ಷಣ ಅದು. ಕಪ್ಪಾಗಿ ಸುಟ್ಟ ಗುರುತಿದ್ದರೆ ಮಾತ್ರ ನುಣುಪಾದ ಗ್ಲಾಸ್ ಪೇಪರ್ ಹಿಡಿದು ಸುತ್ತ ಸಮನಾಗಿ ಉಜ್ಜಿ. ತಾಮ್ರದ ಪಟ್ಟಿಗಳ ನಡುವಿನ, ಕರೆಂಟು ಹಾಯಿಸದ ಮೈಕಾ ತಾಮ್ರದ ಮಟ್ಟಕ್ಕೆ ಬಂದಿದ್ದರೆ, ಬ್ರಷ್ ಅದರ ಮೇಲೆ ಕುಣಿಯುತ್ತದೆ, ಕಿಡಿ ಹಾರುತ್ತದೆ. ಹ್ಯಾಕ್ಸಾ ಬ್ಲೇಡಿನ ತುಂಡೊಂದರ ಎರಡೂ ಪಕ್ಕವನ್ನು ಉಜ್ಜಿ ತೆಳುವಾಗಿಸಿಕೊಂಡು, ಒಂದೊಂದೇ ಸಂದಿಯಲ್ಲಿ ಅರ್ಧ ಮಿಲಿಮೀಟರ್‌ನಷ್ಟು ಮೈಕಾ ಕೆರೆದು ತೆಗೆಯಬೇಕು. ನಿಧಾನದ ಕೆಲಸ, ಆದರೆ ಕೈಯಲ್ಲೇ ಆಗುತ್ತದೆ.

ಮಲೆನಾಡ ಗಾಡಿ

ಗ್ಲಾಸ್ ಪೇಪರೇ ಏಕೆ? ನಾವು ಯಾವಾಗಲೂ ಎಮರಿ ಪೇಪರ್ ಹಾಕಿಯೇ ಉಜ್ಜುವುದು, ಏನೂ ಆಗಿಲ್ಲ.

ದಾವಣಗೆರೆ ವೈಂಡಿಂಗ್

ಎಮರಿಯ ಪುಡಿ ಕರೆಂಟು ಹಾಯಿಸಬಲ್ಲದು ಅಣ್ಣ. ಅದು ತಾಮ್ರದ ಪಟ್ಟಿಗಳ ಸಂದಿಯಲ್ಲಿ ಕೂತರೆ ಒಂದು ಪಟ್ಟಿಯಿಂದ ಪಕ್ಕದ ಪಟ್ಟಿಗೆ ಸೋರಿಕೆಯಾಗುತ್ತದೆ. ಬ್ರಷ್‌ನ ಮೃದುವಾದ ಕಾರ್ಬನ್ನಿನಲ್ಲಿ ಹೂತುಕೊಂಡರೆ ಕಮ್ಯುಟೇಟರನ್ನು ಗೀರುತ್ತದೆ. ಹಾಗೆ ಗೀರು ಬಿದ್ದ ಆರ್ಮೇಚರ್‌ಗಳು ನಮ್ಮ ಅಂಗಡಿಗೆ ಬರುತ್ತಲೇ ಇರುತ್ತವೆ. ನಿಮ್ಮ ಗಾಡಿಗೆ ಏನೂ ಆಗದಿರಬಹುದು, ಆದರೂ ಯಾರಿಗೂ ಆ ಸಲಹೆ ಕೊಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಉಜ್ಜಿದ ಮೇಲೆ ಪುಡಿಯನ್ನು ಗಾಳಿ ಹೊಡೆದು, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಿದ ನಂತರವೇ ಇಂಜಿನ್ ಶುರು ಮಾಡಿ.

ಕರಾವಳಿ ಜಾವಾ

ಅಲ್ಲಿ ಎಣ್ಣೆ ಕಂಡರೆ ಅದು ಎಲ್ಲಿಂದ ಬಂತು ಎಂದೂ ಕೇಳಿಕೊಳ್ಳಬೇಕು. ಡೈನಮೋ ಕೂತಿರುವುದು ಕ್ರ್ಯಾಂಕಿನ ಬಲತುದಿಯಲ್ಲಿ, ಆ ಬದಿಯ ಆಯಿಲ್ ಸೀಲ್ ಸವೆದರೆ ಕ್ರ್ಯಾಂಕ್‌ಕೇಸಿನಿಂದ ಪೆಟ್ರೋಲು ಎಣ್ಣೆಯ ಮಿಶ್ರಣ ನೇರವಾಗಿ ಬ್ರಷ್ ಮೇಲೂ ಇಗ್ನಿಷನ್ ಪಾಯಿಂಟಿನ ಮೇಲೂ ಸಿಂಪಡಿಸುತ್ತದೆ. ಸೀಲ್ ಬದಲಾಯಿಸದೆ ಬ್ರಷ್ ತೊಳೆಯುತ್ತಾ ಕೂತರೆ ಆ ಕೆಲಸ ಮುಗಿಯುವುದೇ ಇಲ್ಲ.

ಚಾಮುಂಡಿಪುರಂ ಫಿಟ್ಟರ್

ಸರಿಯಾಗಿ ಹೇಳಿದಿರಿ. ಅದರ ಜೊತೆಗೇ ಆರ್ಮೇಚರನ್ನು ಕೈಯಿಂದ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಬೇಕು. ಮೇನ್ ಬೇರಿಂಗ್ ಸವೆದಿದ್ದರೆ ಆರ್ಮೇಚರ್ ಸುತ್ತಲಿನ ಕಬ್ಬಿಣಕ್ಕೆ ತಾಗಿ ತಾಗಿ, ಫೀಲ್ಡ್ ಕಾಯಿಲಿನ (ಆಯಸ್ಕಾಂತದ ಬಲ ಹುಟ್ಟಿಸುವ, ತಿರುಗದ ಸುರುಳಿ) ಕಂಬಗಳ ಮೇಲೆ ಬೆಳ್ಳಗೆ ಹೊಳೆಯುವ ಉಜ್ಜಿದ ಗುರುತು ಬಿದ್ದಿರುತ್ತದೆ. ಅಂಥ ಗಾಡಿಯಲ್ಲಿ ಇಗ್ನಿಷನ್ ಪಾಯಿಂಟ್ ಗ್ಯಾಪನ್ನು 0.4 ಮಿಲಿಮೀಟರ್‌ಗೆ ಎಷ್ಟು ಸಲ ಇಟ್ಟರೂ ನಿಲ್ಲುವುದಿಲ್ಲ, ಏಕೆಂದರೆ ಪಾಯಿಂಟನ್ನು ಎತ್ತುವ ಕ್ಯಾಮ್ ಕೂಡ ಆ ಆರ್ಮೇಚರಿನ ತುದಿಯಲ್ಲೇ ಇದೆ. ಚಾರ್ಜಿಂಗ್ ತೊಂದರೆ ಎಂದು ಬಂದ ಎಷ್ಟೋ ಗಾಡಿಗಳಿಗೆ ಕೊನೆಗೆ ಬೇರಿಂಗ್ ಕೆಲಸ ಮಾಡಿಸಬೇಕಾಗಿ ಬಂದದ್ದನ್ನು ನೋಡಿದ್ದೇನೆ.

ಆರ್‌ಎಕ್ಸ್ ಪ್ರೇಮಿ

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನ ಆರ್‌ಎಕ್ಸ್ 100ರಲ್ಲಿ ಹೆಡ್‌ಲೈಟ್ ಬಲ್ಬು ಮೇಲಿಂದ ಮೇಲೆ ಸುಟ್ಟು ಹೋಗುತ್ತಿದೆ, ಬ್ಯಾಟರಿ ಮಾತ್ರ ಸರಿಯಾಗಿದೆ. ಇದಕ್ಕೂ ಇದೇ ಪರೀಕ್ಷೆಯೇ?

ಪಾಲಿಟೆಕ್ನಿಕ್ ಮೇಷ್ಟ್ರು

ಅಲ್ಲ. ನಿಮ್ಮದರಲ್ಲಿ ಡೈನಮೋ ಇಲ್ಲ, ಮ್ಯಾಗ್ನೆಟೋ ಇದೆ, ಹೆಡ್‌ಲೈಟ್ ಬ್ಯಾಟರಿಯಿಂದ ಉರಿಯದೆ ಮ್ಯಾಗ್ನೆಟೋದ ಕಾಯಿಲಿನಿಂದ ನೇರವಾಗಿ ಉರಿಯುತ್ತದೆ. ವೇಗ ಏರಿದಾಗ ಏರುವ ವೋಲ್ಟೇಜನ್ನು ತಡೆದು ಹಿಡಿಯುವುದು ರೆಗ್ಯುಲೇಟರ್. ಅದು ಕೆಟ್ಟರೆ, ಅಥವಾ ಅದರ ಅರ್ಥಿಂಗ್ ಸಡಿಲವಾದರೆ ಬಲ್ಬು ಹಾರುತ್ತದೆ. ರೆಗ್ಯುಲೇಟರ್ ಬಿಗಿದಿರುವ ಜಾಗವನ್ನು ಮೊದಲು ಸ್ವಚ್ಛ ಮಾಡಿ ನೋಡಿ.

ಹುಬ್ಬಳ್ಳಿ ಬುಲೆಟ್

ನಮ್ಮ ಬುಲೆಟ್‌ನಲ್ಲಿ ಆಂಪಿಯರ್ ಮೀಟರ್ ಇರುವುದರಿಂದ ಇಷ್ಟೆಲ್ಲ ಊಹೆ ಬೇಡ. ಮುಳ್ಳು ಎಡಕ್ಕೆ ವಾಲಿತು ಎಂದರೆ ಬ್ಯಾಟರಿ ಖಾಲಿಯಾಗುತ್ತಿದೆ, ಬಲಕ್ಕೆ ಹೋಯಿತು ಎಂದರೆ ತುಂಬುತ್ತಿದೆ. ಮುಳ್ಳು ನಡುವೆ ನಿಂತರೆ ಚಾರ್ಜಿಂಗ್ ನಿಂತಿತು ಎಂದು ಗಾಬರಿಯಾಗಿ ಆಲ್ಟರ್ನೇಟರ್ ಬಿಚ್ಚಿಸುವವರು ಇದ್ದಾರೆ. ಬ್ಯಾಟರಿ ತುಂಬಿದ ಮೇಲೆ ಅದು ನಡುವೆ ನಿಲ್ಲಲೇಬೇಕು. ಯೆಜ್ಡಿಯವರೂ ಒಂದು ಆಂಪಿಯರ್ ಮೀಟರ್ ಕೂರಿಸಿಕೊಳ್ಳುವುದು ಒಳ್ಳೆಯದು.

ಚಾಮುಂಡಿಪುರಂ ಫಿಟ್ಟರ್

ಬೇಡ. ಬ್ಯಾಟರಿಯ ಪೂರ್ತಿ ಕರೆಂಟನ್ನು ಹ್ಯಾಂಡಲ್‌ವರೆಗೆ ಒಯ್ದು ಮತ್ತೆ ಹಿಂದಕ್ಕೆ ತರಬೇಕಾಗುತ್ತದೆ, 6 ವೋಲ್ಟ್‌ನಲ್ಲಿ ಆ ಉದ್ದದ ವೈರೇ ಒಂದು ನಷ್ಟ. ಸಣ್ಣ ವೋಲ್ಟ್ ಮೀಟರ್ ಆದರೆ ಚಿಂತೆಯಿಲ್ಲ, ಅದು ಎಳೆಯುವ ಕರೆಂಟು ಲೆಕ್ಕಕ್ಕೇ ಬರುವುದಿಲ್ಲ.

ಹಾಸನದ ಸವಾರ

ಕೆಲಸ ಆಯಿತು, ವಿವರ ಹೇಳುತ್ತೇನೆ. ಬ್ಯಾಟರಿ ವೈರ್ ಕಳಚಿ ರೆಗ್ಯುಲೇಟರನ್ನು ಮೇಜಿನ ಮೇಲೆ ಇಟ್ಟು, ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಿದೆ. ಕಟ್‌ಔಟಿನ ಕೆಳಗಿನ ಪಾಯಿಂಟಿನ ನಡುವೆ ಸಣ್ಣ ಗುಳಿ ಬಿದ್ದಿತ್ತು, ಮೇಲಿನದರಲ್ಲಿ ಅದಕ್ಕೆ ಸರಿಯಾದ ಮೊನಚು ಎದ್ದಿತ್ತು. ಎರಡರ ಅಂಚಿನಲ್ಲೂ ಕಪ್ಪು ಮಸಿ ಕಟ್ಟಿತ್ತು. ಮುಚ್ಚಿಕೊಂಡಾಗ ಆ ಮೊನಚಿನ ತುದಿಯೊಂದೇ ಮುಟ್ಟುತ್ತಿತ್ತು, ಪಾಯಿಂಟಿನ ಉಳಿದ ಅಗಲವೆಲ್ಲ ಗಾಳಿಯಲ್ಲಿ ನಿಂತಿತ್ತು. ತೆಳುವಾದ ಪಾಯಿಂಟ್ ಫೈಲ್‌ನಿಂದ ಮೊನಚನ್ನು ಮಾತ್ರ ಮಟ್ಟ ಮಾಡಿ, ಗುಳಿಯನ್ನು ಪೂರ್ತಿ ತೆಗೆಯಲು ಹೋಗದೆ, ಆಮೇಲೆ ಸ್ಪಿರಿಟ್‌ನಲ್ಲಿ ನೆನೆಸಿದ ಬಿಳಿ ಕಾಗದದ ಪಟ್ಟಿಯನ್ನು ಪಾಯಿಂಟುಗಳ ನಡುವೆ ಇಟ್ಟು, ಅದರ ಮೇಲೆ ಮಸಿ ಮೂಡದಾಗುವವರೆಗೆ ಎಳೆದೆ. ಬ್ಯಾಟರಿಗೆ ಹೋಗುವ ವೈರಿನ ಲಗ್ ಹಸಿರು ಹಿಡಿದಿತ್ತು, ಅದನ್ನು ಕತ್ತರಿಸಿ ಹೊಸದು ಹಾಕಿ ಬೆಸುಗೆ ಮಾಡಿಸಿದೆ. ಒಂದು ಬ್ರಷ್ ಗೂಡಿನಲ್ಲಿ ಬಿಗಿಯಾಗಿತ್ತು, ತೊಳೆದ ಮೇಲೆ ಸಲೀಸಾಯಿತು. ಎಣ್ಣೆಯ ಗುರುತು ಇಲ್ಲ, ಆರ್ಮೇಚರ್ ಅಲ್ಲಾಡುವುದಿಲ್ಲ.

ಈಗ ಲೈಟ್ ಹಾಕಿ ಮಧ್ಯಮ ವೇಗದಲ್ಲಿ ಡೈನಮೋ ತುದಿಯಲ್ಲಿ 6.9, ಬ್ಯಾಟರಿ ತುದಿಯಲ್ಲಿ 6.8. ಕೆಂಪು ದೀಪ ಕತ್ತಲಲ್ಲಿ ಕೈ ಅಡ್ಡ ಹಿಡಿದು ನೋಡಿದರೂ ಕಾಣುವುದಿಲ್ಲ. ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು.

ದಾವಣಗೆರೆ ವೈಂಡಿಂಗ್

ಬಹಳ ಸಂತೋಷ. ಮೊನಚನ್ನು ಮಾತ್ರ ತೆಗೆದು ಗುಳಿಯನ್ನು ಬಿಟ್ಟದ್ದು ಸರಿಯಾದ ಕ್ರಮ. ಗುಳಿ ಹೋಗುವವರೆಗೆ ಉಜ್ಜಿದರೆ ಪಾಯಿಂಟಿನ ಲೋಹವೇ ಮುಗಿಯುತ್ತದೆ.

ಜೆ.ಸಿ. ರಸ್ತೆ

ಈ ಗಾಡಿಗೆ ಸರಿಹೋಯಿತು, ಒಳ್ಳೆಯದು. ಆದರೆ ಒಮ್ಮೆ ಸುಟ್ಟ ಪಾಯಿಂಟು ಮತ್ತೆ ಸುಡುತ್ತದೆ. ಹಾಗಾದರೆ ಒಂದು ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನಾದರೂ ಹಾಕಿಕೊಳ್ಳಿ. ಡೈನಮೋ ಮೂಲದ್ದೇ ಇರುತ್ತದೆ, ಕಂಪಿಸುವ ಪಾಯಿಂಟುಗಳ ಗೊಡವೆ ಇರುವುದಿಲ್ಲ.

ಚಾಮುಂಡಿಪುರಂ ಫಿಟ್ಟರ್

ಈ ಸಲಹೆಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಳೆಯ ಪೆಟ್ಟಿಗೆಯ ಒಳಗೇ ಅದನ್ನು ಕೂರಿಸಿದರೆ ಹೊರಗಿನ ರೂಪವೂ ಬದಲಾಗುವುದಿಲ್ಲ. ಕೊಳ್ಳುವಾಗ ನಿಮ್ಮ ಡೈನಮೋದ ಫೀಲ್ಡ್ ವೈರಿಂಗ್ ಯಾವ ಬಗೆಯದು ಎಂದು ತಿಳಿದು ಕೊಳ್ಳಿ. ಫೀಲ್ಡ್ ಕಾಯಿಲಿನ ಕೊನೆಯನ್ನು ರೆಗ್ಯುಲೇಟರ್ ಮೂಲಕ ಅರ್ಥ್ ಮಾಡುವ ಬಗೆ ಒಂದು. ಕಾಯಿಲಿನ ಕೊನೆ ಒಳಗೇ ಅರ್ಥ್ ಆಗಿದ್ದು, ರೆಗ್ಯುಲೇಟರಿನಿಂದ ಅದಕ್ಕೆ ಕರೆಂಟು ಕೊಡುವ ಬಗೆ ಇನ್ನೊಂದು. ಒಂದರದ್ದನ್ನು ಇನ್ನೊಂದಕ್ಕೆ ಜೋಡಿಸಿದರೆ ಚಾರ್ಜ್ ಆಗುವುದಿಲ್ಲ, ಹೊಸ ರೆಗ್ಯುಲೇಟರ್ ಸುಡಲೂಬಹುದು. ಇದೇ ಕಾರಣಕ್ಕೆ, ಫೀಲ್ಡ್ ತುದಿಯನ್ನು ಅರ್ಥ್‌ಗೆ ಮುಟ್ಟಿಸಿ ಡೈನಮೋ ಪರೀಕ್ಷಿಸಿ ಎಂದು ಎಲ್ಲರಿಗೂ ಒಂದೇ ಸಲಹೆ ಕೊಡುವುದೂ ತಪ್ಪು.

ಮಲೆನಾಡ ಗಾಡಿ

6 ವೋಲ್ಟ್ ಡೈನಮೋದಿಂದಲೇ 12 ವೋಲ್ಟ್ ತೆಗೆಯುವ ರೆಗ್ಯುಲೇಟರ್ ಕೂಡ ಇದೆಯಂತೆ, ಹೌದೇ?

ಪಾಲಿಟೆಕ್ನಿಕ್ ಮೇಷ್ಟ್ರು

ಹೌದು, ಸಾಧ್ಯವಿದೆ. ವೇಗ ಏರಿದರೆ ಅದೇ ಸುರುಳಿಗಳು 12 ವೋಲ್ಟನ್ನೂ ಕೊಡುತ್ತವೆ. 6ಕ್ಕೆ ಕಟ್ಟಿಹಾಕಿರುವುದು ರೆಗ್ಯುಲೇಟರ್. ಆದರೆ ಚಾರ್ಜಿಂಗ್ ಶುರುವಾಗಲು ಇಂಜಿನ್ ಮೊದಲಿಗಿಂತ ಸುಮಾರು ಎರಡರಷ್ಟು ವೇಗದಲ್ಲಿ ತಿರುಗಬೇಕಾಗುತ್ತದೆ. ಊರೊಳಗೆ ನಿಧಾನವಾಗಿ ಓಡಿಸುವವರ ಬ್ಯಾಟರಿ ಎಂದೂ ತುಂಬುವುದಿಲ್ಲ. ಬಲ್ಬು, ಹಾರನ್, ಇಗ್ನಿಷನ್ ಕಾಯಿಲ್ ಎಲ್ಲವನ್ನೂ ಬದಲಾಯಿಸಬೇಕು. ಹೆದ್ದಾರಿಯ ಸವಾರರಿಗೆ ಅದು ಹೊಂದಬಹುದು, ಹಾಸನದ ಮಾರುಕಟ್ಟೆಗೆ ಹೋಗಿ ಬರುವವರಿಗೆ ಬೇಡ. ಅದರ ಬದಲು ಹಿಂದಿನ ದೀಪಕ್ಕೂ ಸ್ಪೀಡೋಮೀಟರ್ ದೀಪಕ್ಕೂ 6 ವೋಲ್ಟ್ ಎಲ್‌ಇಡಿ ಹಾಕಿಕೊಂಡರೆ ಉಳಿಯುವ ಕರೆಂಟು ನೇರವಾಗಿ ಬ್ಯಾಟರಿಗೆ ಸೇರುತ್ತದೆ.

ಹುಬ್ಬಳ್ಳಿ ಬುಲೆಟ್

ಕೆಂಪು ಚಾರ್ಜಿಂಗ್ ದೀಪಕ್ಕೂ ಎಲ್‌ಇಡಿ ಹಾಕಬಹುದಲ್ಲವೇ?

ಪಾಲಿಟೆಕ್ನಿಕ್ ಮೇಷ್ಟ್ರು

ಅಲ್ಲಿ ಬೇಡ. ಒಂದು ವೋಲ್ಟ್ ವ್ಯತ್ಯಾಸಕ್ಕೆ ತಂತಿಯ ಬಲ್ಬು ಮಂದವಾಗಿಯಾದರೂ ಉರಿಯುತ್ತದೆ, ಎಲ್‌ಇಡಿ ಉರಿಯುವುದಿಲ್ಲ. ಇವರ ಗಾಡಿಯಲ್ಲಿ ಎಲ್‌ಇಡಿ ಇದ್ದಿದ್ದರೆ ಈ ದೋಷ ಕಣ್ಣಿಗೇ ಬೀಳುತ್ತಿರಲಿಲ್ಲ.

ಕಡೂರು ಕಿಕ್

ನನ್ನದೂ ಯೆಜ್ಡಿ ಡೈನಮೋ ಗಾಡಿಯೇ. ಕೀ ಹಾಕಿದರೆ ಕೆಂಪು ದೀಪ ಉರಿಯುವುದೇ ಇಲ್ಲ, ಆದರೆ ಇಂಜಿನ್ ಶುರುವಾಗುತ್ತದೆ, ಹಾರನ್ ಕೂಗುತ್ತದೆ. ಚಾರ್ಜ್ ಆಗುತ್ತಿದೆ ಎಂದು ಹೇಗೆ ತಿಳಿಯಲಿ?

ಚಾಮುಂಡಿಪುರಂ ಫಿಟ್ಟರ್

ಮೊದಲು ಆ ಸಣ್ಣ ಬಲ್ಬನ್ನು ಬಿಚ್ಚಿ ಬ್ಯಾಟರಿಗೆ ನೇರವಾಗಿ ಮುಟ್ಟಿಸಿ ನೋಡಿ. ಬಲ್ಬು ಸರಿಯಾಗಿದ್ದೂ ಕೀ ಹಾಕಿದಾಗ ಉರಿಯದಿದ್ದರೆ, ಅದರ ಕರೆಂಟು ಆರ್ಮೇಚರ್ ಮೂಲಕ ಅರ್ಥ್ ಮುಟ್ಟುತ್ತಿಲ್ಲ, ಅಂದರೆ ಬ್ರಷ್ ಸವೆದು ಕಮ್ಯುಟೇಟರ್ ಬಿಟ್ಟು ನಿಂತಿದೆ ಅಥವಾ ಡೈನಮೋದ ಮುಖ್ಯ ವೈರ್ ಕಡಿದಿದೆ. ಚಾರ್ಜ್ ಆಗುತ್ತಿದೆಯೇ ಎಂದು ತಿಳಿಯಲು ಇಂಜಿನ್ ಓಡುವಾಗ ಬ್ಯಾಟರಿಯ ತುದಿಗಳಲ್ಲೇ ಮೀಟರ್ ಇಟ್ಟು ವೇಗ ಏರಿಸಿ; 6.9ರಿಂದ 7.2ರವರೆಗೆ ಏರಿ ಅಲ್ಲಿ ನಿಲ್ಲಬೇಕು. ಏರದೆ ಇಳಿಯುತ್ತಾ ಹೋದರೆ ಬಲಬದಿಯ ಕವರ್ ತೆಗೆದು, ಬ್ರಷ್‌ಗಳನ್ನು ನೋಡಿ ಬಂದು ಹೇಳಿ.